ಕಾಡತೂಸಿನ ಅಳತೆ, ಕರುಣೆಯ ಅಳತೆ



*ಇಂದಿನ ಚಿಂತನೆ: ಕಾನೂನು ಒಪ್ಪಿದರೆ ಸಾಕೇ?*

ನಮ್ಮ ಅಧ್ಯಯನ ಬಳಗದ ಒಬ್ಬ ಉಪಾಸಕರು ಕೆಲಸದ ಮೇಲೆ ಅಮೆರಿಕದ ಒಹಾಯೊ ರಾಜ್ಯದಲ್ಲಿದ್ದಾರೆ. ಅಲ್ಲಿ ಜಿಂಕೆ ಬೇಟೆಗೆ ಸರ್ಕಾರವೇ ದಿನ ಗೊತ್ತುಮಾಡುತ್ತದೆ, ಪರವಾನಗಿಯನ್ನೂ ಕೊಡುತ್ತದೆ. ಜೊತೆಗೆ ಕೆಲಸ ಮಾಡುವವರು ಇವರನ್ನೂ ಬೇಟೆಗೆ ಕರೆದಿದ್ದಾರೆ. ಅವರು ನನ್ನನ್ನು ಕೇಳಿದ್ದು ಇಷ್ಟು: "ಸರ್, ಇಲ್ಲಿ ಎಲ್ಲ ಕಾನೂನು ಪ್ರಕಾರವೇ ನಡೆಯುತ್ತದೆ. ಯಾವ ಕಾಡತೂಸು ಹಾಕಬೇಕು ಅನ್ನುವುದಕ್ಕೂ ನಿಯಮ ಇದೆ. ಹಾಗಿದ್ದ ಮೇಲೂ ಮೊದಲ ಶೀಲಕ್ಕೆ ಭಂಗ ಬರುತ್ತದೆಯೇ?"

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ಹಾಗಾಗಿ ಇದು ದೂರದ ಪ್ರಶ್ನೆ ಅನ್ನಿಸಬಹುದು. ಆದರೆ "ಕಾನೂನೇ ಒಪ್ಪಿದೆ, ಇನ್ನೇನು?" ಎಂಬ ಮಾತು ನಮಗೆ ದೂರದ್ದಲ್ಲ. ಅದಕ್ಕೇ ಆ ನಿಯಮಗಳನ್ನು ಸ್ವಲ್ಪ ಓದಿ ನೋಡಿದೆ.

ಕಾಡತೂಸು ಅಂದರೆ ಒಂದು ಲೋಹದ ಕೊಳವೆ. ಒಳಗೆ ಮದ್ದು, ತುದಿಯಲ್ಲಿ ಗುಂಡು. ಅಮೆರಿಕದಲ್ಲಿ ಜಿಂಕೆಗೆ ಯಾವ ಕಾಡತೂಸು ಎಂಬುದನ್ನು ಒಂದೊಂದು ರಾಜ್ಯವೂ ತನ್ನದೇ ರೀತಿಯಲ್ಲಿ ನಿಗದಿ ಮಾಡುತ್ತದೆ. ಆ ನಿಯಮಗಳ ಹಿಂದೆ ಮೂರು ಬಗೆಯ ಕಾಳಜಿ ನನಗೆ ಕಂಡಿತು.

*ಮೊದಲನೆಯದು ಮನುಷ್ಯರ ಬಗ್ಗೆ.* ಒಹಾಯೊ, ಅಯೋವಾ, ಇಲಿನಾಯ್ ಇವೆಲ್ಲ ಬಹುಪಾಲು ಬಯಲು ಸೀಮೆ. ಹೊಲದ ಆಚೆ ಮನೆ, ರಸ್ತೆ. ಅಲ್ಲಿ ಬಹುಕಾಲ ಜಿಂಕೆ ಬೇಟೆಗೆ ರೈಫಲ್ಲಿಗೆ ಅವಕಾಶವೇ ಇರಲಿಲ್ಲ. ಆಮೇಲೆ ಒಹಾಯೊ 2014ರಲ್ಲಿ, ಅಯೋವಾ 2017ರಲ್ಲಿ, ಇಲಿನಾಯ್ 2023ರಲ್ಲಿ ಅವಕಾಶ ಕೊಟ್ಟವು. ಆದರೆ ಬಾಟಲಿಯ ಹಾಗೆ ಕುತ್ತಿಗೆ ಕಿರಿದಾದ, ಬಹಳ ದೂರ ಹೋಗುವ ಕಾಡತೂಸಿಗಲ್ಲ. ಬಹುಮಟ್ಟಿಗೆ ಕೊಳವೆ ನೇರವಾಗಿರುವ, ಗುಂಡು ಬೇಗ ವೇಗ ಕಳೆದುಕೊಳ್ಳುವ ಕಾಡತೂಸಿಗೆ.

*ಎರಡನೆಯದು ಜಿಂಕೆಯ ಬಗ್ಗೆ.* ಕೊಲೊರಾಡೊ ರಾಜ್ಯದ ನಿಯಮದಂತೆ ಗುಂಡು ಕನಿಷ್ಠ .24 ಇಂಚು, ಅಂದರೆ ಸುಮಾರು 6 ಮಿಲಿಮೀಟರ್ ದಪ್ಪ ಇರಬೇಕು. ತೂಕ 70 ಗ್ರೇನ್, ಅಂದರೆ ಸುಮಾರು ನಾಲ್ಕೂವರೆ ಗ್ರಾಂಗಿಂತ ಕಡಿಮೆ ಇರಬಾರದು. 100 ಗಜ ದೂರದಲ್ಲೂ 1000 ಫುಟ್-ಪೌಂಡ್ ಬಲ ಉಳಿದಿರಬೇಕು. ಮೈಗೆ ತಾಗಿದ ಕೂಡಲೇ ಅರಳಿಕೊಳ್ಳುವ ಗುಂಡೇ ಆಗಬೇಕು. ಯಾಕೆಂದರೆ ಸಣ್ಣ ಗುಂಡು ತಾಗಿದ ಜಿಂಕೆ ಕೂಡಲೇ ಸಾಯುವುದಿಲ್ಲ. ಗಾಯ ಹೊತ್ತು ಪೊದೆ ಸೇರಿ, ನರಳಿ ನರಳಿ ಸಾಯುತ್ತದೆ.

*ಮೂರನೆಯದು ಆಮೇಲೆ ಬರುವ ಜೀವದ ಬಗ್ಗೆ.* ಬೇಟೆಗಾರರು ಬಿಟ್ಟುಹೋದ ಕರುಳು, ಮಾಂಸದಲ್ಲಿ ಸೀಸದ ಚೂರು ಉಳಿದಿರುತ್ತದೆ. ಅದನ್ನು ತಿಂದ ಕಾಂಡರ್ ಎಂಬ ದೊಡ್ಡ ರಣಹದ್ದುಗಳಿಗೆ ವಿಷವೇರುತ್ತದೆ. 1982ರಲ್ಲಿ ಕ್ಯಾಲಿಫೋರ್ನಿಯಾ ಕಾಂಡರ್ ಇಡೀ ಲೋಕದಲ್ಲಿ ಉಳಿದಿದ್ದು 22 ಮಾತ್ರ. ಕ್ಯಾಲಿಫೋರ್ನಿಯಾ ರಾಜ್ಯ 2013ರಲ್ಲಿ ಕಾನೂನು ಮಾಡಿ, 2019ರ ಜುಲೈಯಿಂದ ಎಲ್ಲ ಬೇಟೆಯಲ್ಲೂ ಸೀಸದ ಗುಂಡನ್ನು ನಿಲ್ಲಿಸಿತು.

ಈ ನಿಯಮಗಳನ್ನು ಹಗುರವಾಗಿ ನೋಡಬಾರದು ಬಂಧುಗಳೇ. ನೋವು ಕಡಿಮೆಯಾಗಲಿ ಎಂಬ ಕಾಳಜಿ ಇವುಗಳಲ್ಲಿ ನಿಜವಾಗಿಯೂ ಇದೆ. ಆದರೆ ಒಂದು ವಿಚಿತ್ರ ಗಮನಿಸಿ. ತಾಗಿದಾಗ ಅರಳುವ ಗುಂಡನ್ನು 1890ರ ದಶಕದಲ್ಲಿ ಬ್ರಿಟಿಷರು ಕಲ್ಕತ್ತಾ ಬಳಿಯ ಡಂಡಂನಲ್ಲಿ ತಯಾರಿಸಿ, ವಾಯವ್ಯ ಗಡಿಯ ಜನರ ಮೇಲೆ ಹಾರಿಸಿದರು. ಇದು ತೀರಾ ಕ್ರೂರವೆಂದು 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಅದರ ಬಳಕೆಯನ್ನು ನಿಷೇಧಿಸುವ ಘೋಷಣೆ ಮಾಡಿತು. ಅದೇ ಬಗೆಯ ಗುಂಡು ಇಂದು ಜಿಂಕೆಯ ವಿಷಯದಲ್ಲಿ ದಯೆಯ ಗುಂಡು, ಕಡ್ಡಾಯದ ಗುಂಡು! ಒಂದೇ ವಸ್ತು ಒಂದು ಕಡೆ ಕ್ರೌರ್ಯ, ಇನ್ನೊಂದು ಕಡೆ ಕರುಣೆ. ಹಾಗಾದರೆ ಕ್ರೌರ್ಯವಾಗಲಿ ಕರುಣೆಯಾಗಲಿ ಗುಂಡಿನೊಳಗೆ ಇಲ್ಲ. ಭಗವಾನರು ಕಮ್ಮ ಅಂದರೆ ಚೇತನಾ, ಅಂದರೆ ಮನಸ್ಸಿನ ಉದ್ದೇಶ ಎಂದು ತೋರಿಸಿಕೊಟ್ಟದ್ದು ಇದನ್ನೇ.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಅಹಿಂಸೆಯನ್ನು ಚರ್ಚಿಸುವಾಗ ಎರಡು ಭೇದಗಳನ್ನು ಮಾಡುತ್ತಾರೆ. ಒಂದು, ನಿಯಮಕ್ಕೂ ತತ್ವಕ್ಕೂ ಇರುವ ಭೇದ. ನಿಯಮ ನಮ್ಮನ್ನು ಕಟ್ಟಿಹಾಕುತ್ತದೆ. ತತ್ವ ನಮ್ಮನ್ನು ಯೋಚಿಸಲು ಬಿಡುತ್ತದೆ. ಎರಡು, ಕೊಲ್ಲುವ ಅಗತ್ಯಕ್ಕೂ ಕೊಲ್ಲುವ ಇಚ್ಛೆಗೂ ಇರುವ ಭೇದ. ಬುದ್ಧರ ಅಹಿಂಸೆ ತತ್ವ. ಅದು ಕೊಲ್ಲುವ ಇಚ್ಛೆಗೆ ಜಾಗ ಕೊಡುವುದಿಲ್ಲ ಎಂಬುದು ಅವರ ವಿವರಣೆ.

ನಿಯಮಕ್ಕೆ ಮಾತ್ರ ಕಟ್ಟುಬಿದ್ದರೆ ಏನಾಗುತ್ತದೆ ನೋಡಿ. ಮಿಶಿಗನ್ ರಾಜ್ಯ 2014ರಲ್ಲಿ ತನ್ನ ದಕ್ಷಿಣ ಭಾಗದಲ್ಲಿ ಇಂಥ ಕಾಡತೂಸಿಗೆ ಅವಕಾಶ ಕೊಟ್ಟಾಗ, ಕೊಳವೆಯ ಉದ್ದ 1.80 ಇಂಚು ಮೀರಬಾರದು ಎಂದಿತು. 2019ರಲ್ಲಿ ವಿಂಚೆಸ್ಟರ್ ಕಂಪನಿ ಇಂಥ ರಾಜ್ಯಗಳ ನಿಯಮಕ್ಕೆ ಹೊಂದುವಂತೆಯೇ '350 ಲೆಜೆಂಡ್' ಎಂಬ ಹೊಸ ಕಾಡತೂಸು ತಂದಿತು. ಕೊಳವೆಯ ಉದ್ದ 1.71 ಇಂಚು! ಇದರಲ್ಲಿ ತಪ್ಪೇನಿಲ್ಲ. ಆದರೆ ನಿಯಮ ಅಳತೆ ಕೊಟ್ಟರೆ ಮನುಷ್ಯನ ಬುದ್ಧಿ ಆ ಅಳತೆಗೆ ತಕ್ಕ ವಸ್ತು ಹುಡುಕುತ್ತದೆ. ಯಾಕೆ ಕೊಲ್ಲಬೇಕು ಎಂದು ಆ ಅಳತೆ ಯಾವತ್ತೂ ಕೇಳುವುದಿಲ್ಲ.

ಹಾಗಾಗಿ ನಾನು ಆ ಉಪಾಸಕರಿಗೆ ಹೇಳಿದ್ದು ಇದು. ಜಿಂಕೆ ಹಿಂಡು ಬೆಳೆಯನ್ನೆಲ್ಲ ಮೇಯ್ದುಹೋಗಿ, ಬೇರೆ ದಾರಿ ಕಾಣದ ರೈತ ಬಂದೂಕು ಹಿಡಿದರೆ ಅಲ್ಲಿ ಅಗತ್ಯದ ಮಾತಾದರೂ ಇದೆ. ಅವನು ಸರಿಯಾದ ಕಾಡತೂಸು ಹಾಕಿ ಒಂದೇ ಏಟಿಗೆ ಮುಗಿಸುವುದು ಅವನ ಕರ್ತವ್ಯ. ಆದರೆ ನಿಮಗೆ ಹೊಲವಿಲ್ಲ, ಹಸಿವಿಲ್ಲ. ಗೆಳೆಯರು ಕರೆದರು, ರಜೆ ಇದೆ, ಪರವಾನಗಿ ಸಿಗುತ್ತದೆ. ಇದು ಅಗತ್ಯವಲ್ಲ, ಇಚ್ಛೆ. ಕಾಡತೂಸಿನ ಅಳತೆ ಎಷ್ಟೇ ಸರಿಯಿದ್ದರೂ ಶೀಲಕ್ಕೆ ಭಂಗ ಬರುತ್ತದೆ. ಧಮ್ಮಚಕ್ರ ಮೊದಲು ತಿರುಗಿದ್ದು ಸಾರನಾಥದ ಜಿಂಕೆವನದಲ್ಲಿ ಎಂಬುದನ್ನು ನೆನೆಯಿರಿ.

ಒಂದು ಮಾತು ಸ್ಪಷ್ಟವಾಗಿರಲಿ. ಇದು ಊಟದ ತಟ್ಟೆಯ ಲೆಕ್ಕವಲ್ಲ. ನಮ್ಮ ಜನರ ತಟ್ಟೆಯಲ್ಲಿ ಏನಿದೆ ಎಂದು ಇಣುಕಿ ನೋಡಿ, ಮೇಲು ಕೀಳು ಅಳೆದ 'ಅಹಿಂಸೆ'ಯನ್ನು ನಾವು ಚೆನ್ನಾಗಿ ಬಲ್ಲೆವು. ಇರುವೆಗೆ ಸಕ್ಕರೆ ಹಾಕಿ, ಮನುಷ್ಯನಿಗೆ ಕೆರೆಯ ನೀರು ಕೊಡದ ಅಹಿಂಸೆ ಅದು. ಅದೂ ನಿಯಮವೇ, ತತ್ವವಲ್ಲ. ಮೈತ್ರಿ ಅಲ್ಲಿರಲಿಲ್ಲ.

ಕಾನೂನು ಬೇಡವೇ ಹಾಗಾದರೆ? ಖಂಡಿತ ಬೇಕು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. 1989ರ ದೌರ್ಜನ್ಯ ತಡೆ ಕಾಯ್ದೆ ಬಂತು. ಇವು ಇಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತು? ಎತ್ತಿದ ಕೈಯನ್ನು ಕಾನೂನು ತಡೆಯಬಲ್ಲದು. ಆ ಕೈ ಏಳದಂತೆ ಮನಸ್ಸನ್ನು ಬದಲಿಸುವ ಕೆಲಸ ಅದರಿಂದಾಗದು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದವರೇ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಮಗೆ ಧಮ್ಮವನ್ನೂ ಕೊಟ್ಟರು. ಆ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲಿನ ದಯೆಯೂ ಸೇರಿದೆ. ನಮಗೆ ಎರಡೂ ಬೇಕೆಂದು ಅವರಿಗೆ ಗೊತ್ತಿತ್ತು.

*ಇಂದಿನ ಅಭ್ಯಾಸ:* ಕೈಕೆಳಗಿನವರನ್ನು ಗದರುವಾಗ, ಬಾಡಿಗೆ ಮನೆಯವರನ್ನು ಬಿಡಿಸುವಾಗ, ಸಾಲ ವಸೂಲಿ ಮಾಡುವಾಗ "ನನಗೆ ಹಕ್ಕಿದೆಯೇ?" ಎಂಬಲ್ಲಿಗೆ ನಿಲ್ಲಬೇಡಿ. "ಇದು ಅಗತ್ಯವೋ, ನನ್ನ ಇಚ್ಛೆಯೋ?" ಎಂದು ಒಂದು ಉಸಿರಿನಷ್ಟು ಹೊತ್ತು ಕೇಳಿಕೊಳ್ಳಿ.

ಎಲ್ಲರಿಗೂ ಮಂಗಳವಾಗಲಿ. ಜೈಭೀಮ್ 💙