ನಂಬಿಕೆಯೂ ಪರೀಕ್ಷೆಯೂ

ಹಿರಿಯರ ಮಾತನ್ನು ಪರೀಕ್ಷಿಸಿ ನೋಡುವುದು ಅವರಿಗೆ ತೋರುವ ಅಗೌರವವೇ? ಮನೆಯಲ್ಲಾಗಲಿ ಸಮಾಜದಲ್ಲಾಗಲಿ ಆಗಾಗ ನಮ್ಮನ್ನು ಕಾಡುವ ಪ್ರಶ್ನೆಯಿದು. ಗಣಿತದ ಚರಿತ್ರೆಯಲ್ಲಿ ಒಂದು ಸಂಖ್ಯೆಗೆ ಒದಗಿದ ಗತಿ ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲುತ್ತದೆ.

ಎರಡನ್ನು ಅರವತ್ತೇಳು ಸಲ ಬರೆದು ಒಂದರೊಡನೊಂದು ಗುಣಿಸಿ, ಬಂದ ಗುಣಲಬ್ಧದಿಂದ ಒಂದನ್ನು ಕಳೆದರೆ 147573952589676412927 ಎಂಬ ಇಪ್ಪತ್ತೊಂದು ಅಂಕಿಗಳ ಸಂಖ್ಯೆ ದೊರೆಯುತ್ತದೆ. ಒಂದು ಮತ್ತು ತನ್ನನ್ನು ಬಿಟ್ಟು ಬೇರಾವ ಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಗೆ ಅವಿಭಾಜ್ಯವೆಂದು ಹೆಸರು. ಫ್ರಾನ್ಸಿನ ಮಿನಿಮ್ ಸಭೆಯ ಸನ್ಯಾಸಿ ಮಾರೆನ್ ಮೆರ್ಸೆನ್ 1644ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಂಖ್ಯೆಯನ್ನೂ ಅವಿಭಾಜ್ಯಗಳ ಸಾಲಿಗೆ ಸೇರಿಸಿದ್ದರು. ಯೂರೋಪಿನ ಪಂಡಿತರನೇಕರೊಡನೆ ಪತ್ರವ್ಯವಹಾರ ನಡೆಸುತ್ತಿದ್ದ ಮಾನ್ಯರ ಮಾತದು. ಇನ್ನೂರ ಮೂವತ್ತು ವರ್ಷಗಳಿಗೂ ಮಿಕ್ಕಿ ಅದು ಹಾಗೆಯೇ ನಿಂತಿತು.

1876ರಲ್ಲಿ ಎದ್ವಾರ್ ಲೂಕಾ ಎಂಬ ಫ್ರೆಂಚ್ ಗಣಿತಜ್ಞರು ಇದು ಅವಿಭಾಜ್ಯವಲ್ಲವೆಂದು ತೋರಿಸಿದರು. ಆದರೆ ಇದನ್ನು ಭಾಗಿಸುವ ಸಂಖ್ಯೆಗಳಾವುವೆಂಬುದನ್ನು ಅವರ ವಿಧಾನ ತಿಳಿಸುತ್ತಿರಲಿಲ್ಲ. ತಪ್ಪಿದೆಯೆಂದು ಗೊತ್ತಾಯಿತು, ಸರಿ ಯಾವುದೆಂದು ಗೊತ್ತಾಗಲಿಲ್ಲ.

1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ್ದ ಅಮೆರಿಕದ ಗಣಿತಜ್ಞರ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಆ ಕೊರತೆಯನ್ನು ತುಂಬಿದರು. 193707721 ಮತ್ತು 761838257287 ಎಂಬೆರಡು ಸಂಖ್ಯೆಗಳನ್ನು ಗುಣಿಸಿದರೆ ಅದೇ ಸಂಖ್ಯೆ ಬರುತ್ತದೆ. ಕೋಲ್ ಒಂದೂ ಮಾತಾಡದೆ ಲೆಕ್ಕವನ್ನು ಹಲಗೆಯ ಮೇಲೆ ಬರೆದು ಕುಳಿತರೆಂದೂ, ಇದಕ್ಕಾಗಿ ಮೂರು ವರ್ಷಗಳ ಭಾನುವಾರಗಳನ್ನು ವ್ಯಯಿಸಿದ್ದರೆಂದೂ ಗಣಿತಜ್ಞ ಇ. ಟಿ. ಬೆಲ್ ಬರೆದಿದ್ದಾರೆ.

ಕಂಡುಹಿಡಿಯಲು ವರ್ಷಗಳೇ ಬೇಕಾದುದನ್ನು ತಾಳೆ ನೋಡಲು ಒಂದು ಹಾಳೆ, ಒಂದು ಪೆನ್ಸಿಲು ಸಾಕು. ಗುಣಾಕಾರ ಬಲ್ಲ ಶಾಲಾ ಬಾಲಕಿಯೂ ಪರೀಕ್ಷಿಸಬಲ್ಲಳು. ಅವಳು ಕೋಲ್ ಅವರ ವಿದ್ವತ್ತನ್ನಾಗಲಿ ಪದವಿಯನ್ನಾಗಲಿ ನಂಬಬೇಕಾಗಿಲ್ಲ.

ಆದರೆ ಬಾಳಿನಲ್ಲಿ ಎಲ್ಲವನ್ನೂ ಹೀಗೆ ತಾಳೆ ನೋಡಲು ಸಾಧ್ಯವೇ? ವೈದ್ಯರು ಕೊಟ್ಟ ಔಷಧವನ್ನು ವಿಶ್ಲೇಷಿಸಿ ನಾವು ಸೇವಿಸುವುದಿಲ್ಲ. ಸೇತುವೆಯ ಬಲವನ್ನು ಅಳೆದು ಅದರ ಮೇಲೆ ನಡೆಯುವುದಿಲ್ಲ. ಪರಸ್ಪರ ನಂಬಿಕೆಯಿಲ್ಲದೆ ಒಂದು ದಿನವೂ ಸಾಗದು. ಆದ್ದರಿಂದ ನಂಬುವುದು ದೌರ್ಬಲ್ಯವಲ್ಲ. ಆದರೆ ನಂಬಿಕೆಗೆ ಪಾತ್ರನಾದವನ ಮೇಲೆ ಒಂದು ಹೊಣೆಯಿದೆ: ಪರೀಕ್ಷೆಯ ಬಾಗಿಲನ್ನು ಆತ ಮುಚ್ಚಬಾರದು. ಸಂಘದ ಲೆಕ್ಕ ಕೇಳಿದಾಗ "ನನ್ನನ್ನೇ ನಂಬುವುದಿಲ್ಲವೇ?" ಎಂದು ಸಿಡಿಮಿಡಿಗೊಳ್ಳುವ ಖಜಾಂಚಿಗೂ, ಪುಸ್ತಕವನ್ನು ತೆರೆದು ಮುಂದಿಡುವ ಖಜಾಂಚಿಗೂ ಅಂತರವಿದೆ. ಮೊದಲನೆಯವನು ನಂಬಿಕೆಯನ್ನು ಹಕ್ಕಿನಂತೆ ಕೇಳುತ್ತಾನೆ. ಎರಡನೆಯವನು ಅದಕ್ಕೆ ಅರ್ಹನಾಗುತ್ತಾನೆ.

ಹಾಗೆಯೇ ಅಲ್ಲಗಳೆಯುವವನಿಗೂ ಹೊಣೆಯುಂಟು. ತಪ್ಪನ್ನು ಎತ್ತಿ ತೋರಿಸಿದಲ್ಲಿಗೆ ಕೆಲಸ ಮುಗಿಯದು. ಸರಿಯನ್ನು ಹುಡುಕುವ ಶ್ರಮವನ್ನೂ ಯಾರಾದರೂ ಹೊರಲೇಬೇಕು.

ಇಷ್ಟಾದರೂ ಮೆರ್ಸೆನ್ನರ ಗೌರವ ಕುಂದಿತೇ? ಇಲ್ಲ. ಎರಡರ ಘಾತದಿಂದ ಒಂದನ್ನು ಕಳೆದು ಬರುವ ಅವಿಭಾಜ್ಯಗಳಿಗೆ ಇಂದಿಗೂ ಅವರದೇ ಹೆಸರು. 2024ರಲ್ಲಿ ಕಂಡುಬಂದ, ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳ ಸಂಖ್ಯೆಯೂ ಮೆರ್ಸೆನ್ ಅವಿಭಾಜ್ಯವೇ. ಹಿರಿಯರ ಮಾತನ್ನು ಪರೀಕ್ಷಿಸಿದವರೇ ಅವರ ಹೆಸರನ್ನು ಉಳಿಸಿದರು. ಪರೀಕ್ಷಿಸುವಷ್ಟು ಗಂಭೀರವಾಗಿ ಒಬ್ಬರ ಮಾತನ್ನು ಸ್ವೀಕರಿಸುವುದೂ ಗೌರವವೇ ಅಲ್ಲವೇ?