ನೋವಿಗೊಂದು ಕೆಲಸ

ಮನಸ್ಸಿಗೆ ಪೆಟ್ಟು ಬಿದ್ದವರ ಎದುರು ಕೂತಾಗ ನಮಗೆ ತೋಚುವುದು ಎರಡೇ ಮಾತು. ‘ಮರೆತುಬಿಡು’ ಎನ್ನುತ್ತೇವೆ, ಇಲ್ಲವೇ ‘ಕಾಲವೇ ಎಲ್ಲಕ್ಕೂ ಮದ್ದು’ ಎನ್ನುತ್ತೇವೆ. ದೈವಭಕ್ತರಾಗಿದ್ದರೆ ‘ಎಲ್ಲ ದೇವರ ಚಿತ್ತ’ ಎಂದು ಮೂರನೆಯದನ್ನೂ ಸೇರಿಸುತ್ತೇವೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಬಂದವರೆಲ್ಲ ಎದ್ದುಹೋಗಿ ಮನೆ ಬರಿದಾದ ಮೇಲೆ ಈ ಮಾತುಗಳಲ್ಲಿ ಯಾವುದು ನೊಂದವರ ಜೊತೆಗೆ ಉಳಿಯುತ್ತದೆ? ಮರೆಯಲಾಗದ್ದನ್ನು ಮರೆ ಎಂದರೆ, ಇದ್ದ ಸಂಕಟದ ಮೇಲೆ ಮರೆಯಲಾಗುತ್ತಿಲ್ಲವಲ್ಲ ಎಂಬ ಕೊರಗನ್ನೂ ಹೊರಿಸಿದಂತಲ್ಲವೆ?

ಕ್ರೈಸ್ತ ನಂಬಿಕೆಯ ನಟ್ಟನಡುವೆ ಈ ವಿಷಯದಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಸಂಗತಿಯೊಂದಿದೆ. ಯೋಹಾನನ ಸುವಾರ್ತೆ ಹೇಳುವಂತೆ, ಸಾವಿನಿಂದ ಎದ್ದುಬಂದ ಯೇಸುವಿನ ಕೈಗಳಲ್ಲಿ ಮೊಳೆಯ ಗುರುತು ಹಾಗೆಯೇ ಇತ್ತು. ಪಕ್ಕೆಯಲ್ಲಿ ಈಟಿ ತಿವಿದ ಜಾಗವೂ ಇತ್ತು. ಸಾವನ್ನೇ ಗೆದ್ದವನಿಗೆ ಆ ಗಾಯಗಳನ್ನು ಅಳಿಸಿಕೊಳ್ಳುವುದು ದೊಡ್ಡದಾಗಿತ್ತೆ? ಆದರೂ ನಂಬಲಾರೆನೆಂದು ಹಟ ಹಿಡಿದ ತೋಮನ ಮುಂದೆ ಆತ ಚಾಚಿದ್ದು ಆ ಕೈಗಳನ್ನೇ. ಹೊಸ ಬದುಕು ಹಳೆಯ ಗಾಯದ ಗುರುತನ್ನು ಉಳಿಸಿಕೊಂಡೇ ಬಂತು, ಶಿಷ್ಯನೊಬ್ಬನ ಸಂಶಯ ಕಳೆಯಲು ಆ ಗುರುತೇ ಬೇಕಾಯಿತು.

ಇದು ಮನುಷ್ಯರ ಬದುಕಿನಲ್ಲಿ ಹೇಗೆ ನಡೆದೀತು ಎಂದು ಯೋಚಿಸುವಾಗಲೆಲ್ಲ ನನಗೆ ನೆನಪಾಗುವವರು ಪಂಡಿತಾ ರಮಾಬಾಯಿ. 1858ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ಹೆಂಗಸರಿಗೆ ಸಂಸ್ಕೃತ ಕೂಡದೆಂಬ ಕಟ್ಟಳೆಯನ್ನು ಮೀರಿ ಹೆಂಡತಿಗೆ ಓದು ಕಲಿಸಿದ ಅನಂತಶಾಸ್ತ್ರಿ ಡೋಂಗ್ರೆ ರಮಾಬಾಯಿಯ ತಂದೆ. ಆ ಓದನ್ನು ಮಗಳಿಗೆ ದಾಟಿಸಿದವರು ತಾಯಿ ಲಕ್ಷ್ಮೀಬಾಯಿ. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. ಸಾಯುತ್ತಿದ್ದ ತಾಯಿಗಾಗಿ ತುತ್ತು ಬೇಡಲು ಹುಡುಗಿ ಒಂದು ಮನೆಯ ಮುಂದೆ ನಿಂತಳು. ನಾಚಿಕೆಯಿಂದ ಬಾಯೇ ಬರಲಿಲ್ಲ. ಕೊನೆಗೆ ಸಿಕ್ಕಿದ ಸಜ್ಜೆ ರೊಟ್ಟಿಯ ತುಂಡನ್ನು ತಂದುಕೊಟ್ಟರೆ, ಅದನ್ನು ತಿನ್ನುವ ತ್ರಾಣ ತಾಯಿಯಲ್ಲಿ ಉಳಿದಿರಲಿಲ್ಲ. ಆಮೇಲೆ ಅಣ್ಣನೊಡನೆ ದೇಶವಿಡೀ ಬರಿಗಾಲಲ್ಲಿ ಅಲೆದಾಟ. ಝೇಲಂ ನದಿಯ ದಡದಲ್ಲಿ ಒಂದು ರಾತ್ರಿ, ಹೊದೆಯಲು ಏನೂ ಇಲ್ಲದೆ, ಇಬ್ಬರೂ ಗೋರಿಯಂಥ ಗುಂಡಿ ತೋಡಿಕೊಂಡು ಕತ್ತಿನವರೆಗೆ ಮರಳು ಎಳೆದುಕೊಂಡು ಚಳಿ ಕಳೆದರು. 1880ರಲ್ಲಿ ಆ ಅಣ್ಣನೂ ತೀರಿಕೊಂಡ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರಲ್ಲಿ, ಗಂಡನೂ ಹೋದ. ಉಳಿದದ್ದು ಎಳೆಯ ಮಗಳು ಮನೋರಮಾ.

ಇಷ್ಟಾದ ಮೇಲೆ ಆಕೆಗೆ ನಂಬಿಕೆ ಮಿಂಚಿನಂತೆ ಹೊಳೆಯಿತೆಂದು ಬರೆದರೆ ಅದು ಸುಳ್ಳಾಗುತ್ತದೆ. ಓದಲು ಇಂಗ್ಲೆಂಡಿಗೆ ಹೋಗಿದ್ದಾಗ, ಲಂಡನ್ನಿನ ಫುಲಂನಲ್ಲಿ ಕ್ರೈಸ್ತ ಸೋದರಿಯರು ನಡೆಸುತ್ತಿದ್ದ ಆಶ್ರಯಧಾಮವೊಂದನ್ನು ಕಂಡರು. ‘ಕೆಟ್ಟವರು’ ಎಂದು ಸಮಾಜ ಬದಿಗೊತ್ತಿದ್ದ ಹೆಂಗಸರನ್ನು ಅಲ್ಲಿ ಮಮತೆಯಿಂದ ನೋಡಿಕೊಳ್ಳುತ್ತಿದ್ದರು. ಇವರನ್ನು ಯಾಕೆ ಹೀಗೆ ಪ್ರೀತಿಸುತ್ತೀರಿ ಎಂದು ಕೇಳಿದ್ದಕ್ಕೆ, ಬಾವಿಕಟ್ಟೆಯಲ್ಲಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತನಾಡಿದ ಕಥೆಯೇ ಉತ್ತರವಾಗಿ ಬಂತು. 1883ರಲ್ಲಿ ದೀಕ್ಷಾಸ್ನಾನವಾಯಿತು. ಆದರೂ ರಮಾಬಾಯಿ ತಮ್ಮನ್ನು ಪೋಷಿಸಿದ ಸೋದರಿಯರೊಡನೆಯೇ ಸಿದ್ಧಾಂತದ ಮೇಲೆ ವಾದಕ್ಕಿಳಿದರು. ತಲೆಬಾಗಿ ಒಪ್ಪುವುದು ಅವರ ಜಾಯಮಾನವಲ್ಲ. ಧರ್ಮ ಸಿಕ್ಕಿತ್ತು, ಕ್ರಿಸ್ತ ಇನ್ನೂ ಸಿಕ್ಕಿರಲಿಲ್ಲ ಎಂಬರ್ಥದ ಮಾತನ್ನು ದೀಕ್ಷೆಯ ನಂತರದ ಎಂಟು ವರ್ಷಗಳ ಬಗ್ಗೆ ಅವರೇ ಬರೆದುಕೊಂಡಿದ್ದಾರೆ. ಮುರಿದ ಮನಸ್ಸುಗಳಿಂದ ಒಂದೇ ಪ್ರಾರ್ಥನೆಗೆ ನಗುಮುಖವನ್ನೂ ಸಾಕ್ಷಿಯನ್ನೂ ನಿರೀಕ್ಷಿಸುವ ನಮಗೆ ಈ ಎಂಟು ವರ್ಷ ಏನನ್ನಾದರೂ ಕಲಿಸಬೇಡವೆ?

1896ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿತ್ತು. ಪುಣೆಯಲ್ಲಿ ವಿಧವೆಯರ ಶಾರದಾ ಸದನ ನಡೆಸುತ್ತಿದ್ದ ರಮಾಬಾಯಿ ಎದ್ದು ಅಲ್ಲಿಗೆ ಹೊರಟರು. ಅನ್ನದ ಆಸೆ ತೋರಿಸಿ ಹುಡುಗಿಯರನ್ನು ಹಾಳುಮಾಡುವವರು ಬರದ ಜೊತೆಗೇ ಬರುತ್ತಾರೆಂಬುದು ಅವರಿಗೆ ಗೊತ್ತಿತ್ತು. ಬೇಡಲು ಬಾಯಿ ಬಾರದೆ ನಿಂತ ಮುಖ ಹೇಗಿರುತ್ತದೆಂಬುದೂ ಗೊತ್ತಿತ್ತು. ಆ ಮುಖ ಒಂದು ಕಾಲಕ್ಕೆ ಅವರದೇ ಆಗಿತ್ತಲ್ಲ! ಇಪ್ಪತ್ತು ವರ್ಷ ಒಳಗೇ ಇಟ್ಟುಕೊಂಡಿದ್ದ ತಮ್ಮ ಬರದ ಅನುಭವವನ್ನು ಬರೆದು ಪ್ರಕಟಿಸಿದ್ದೂ ಆಗಲೇ. ಕರೆತಂದ ನೂರಾರು ಹುಡುಗಿಯರಿಗಾಗಿ ಪುಣೆಯ ಬಳಿಯ ಕೇಡಗಾಂವದಲ್ಲಿ ಮುಕ್ತಿ ಸದನ ಬೆಳೆಯಿತು. ಬೇಸಾಯ, ನೇಯ್ಗೆ, ಹೊಲಿಗೆ, ಅಚ್ಚಿನ ಕೆಲಸ, ಕುರುಡರಿಗೆ ಬ್ರೈಲ್ ಓದು, ಎಲ್ಲವೂ ಅಲ್ಲಿದ್ದವು. ಬೇಡುವ ಅವಮಾನವನ್ನು ಉಂಡವರಿಗೆ, ಅನ್ನ ಕೊಟ್ಟರಷ್ಟೇ ಸಾಲದು, ದುಡಿದು ಉಣ್ಣುವ ಕೈಯನ್ನೂ ಕೊಡಬೇಕೆಂದು ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಲ್ಲಿ ನಾವು ಎಚ್ಚರ ತಪ್ಪುವುದು ಸುಲಭ. ಮುಕ್ತಿ ಸದನ ಏಳಬೇಕೆಂದೇ ದೇವರು ಆ ತಾಯಿಯನ್ನು ಹಸಿವಿನಿಂದ ಸಾಯಿಸಿದ ಎಂದುಬಿಟ್ಟರೆ ಲೆಕ್ಕ ಸರಿಹೋದಂತೆ ಕಾಣುತ್ತದೆ, ದೇವರು ಮಾತ್ರ ಕ್ರೂರಿಯಾಗುತ್ತಾನೆ. ಲಕ್ಷ್ಮೀಬಾಯಿಯ ಸಾವು ಯಾವ ಒಳ್ಳೆಯದಕ್ಕೂ ತೆತ್ತ ಬೆಲೆಯಲ್ಲ. ಅದು ಬರಿಯ ಅನ್ಯಾಯ. ಶಿಲುಬೆಯನ್ನು ಸುವಾರ್ತೆಗಳೂ ಅನ್ಯಾಯವೆಂದೇ ಚಿತ್ರಿಸುತ್ತವೆ, ತೀರ್ಪು ಕೊಟ್ಟ ಪಿಲಾತನಿಗೇ ಆತನಲ್ಲಿ ಅಪರಾಧ ಕಾಣಲಿಲ್ಲ ಎನ್ನುತ್ತವೆ. ಆದದ್ದು ಸರಿಯಾಗಿತ್ತೆಂದು ನಂಬಿಕೆ ಹೇಳುವುದಿಲ್ಲ. ಆದದ್ದೇ ಕೊನೆಯಲ್ಲ ಎನ್ನುತ್ತದೆ. ಈ ಎರಡು ಮಾತುಗಳ ನಡುವಿನ ಅಂತರವನ್ನು ಕಾಯ್ದುಕೊಳ್ಳದವರು ನೊಂದವರಿಗೆ ಸಾಂತ್ವನ ಹೇಳಲು ಹೋಗದಿರುವುದೇ ಲೇಸು.

ಹಾಗೆಂದು ನಂಬಿದವರಿಗೆ ಮತ್ತೆ ಪೆಟ್ಟು ಬೀಳುವುದಿಲ್ಲವೆಂದೂ ಅಲ್ಲ. ತಾಯಿಗೆ ಹೆಗಲು ಕೊಟ್ಟು, ಗುಲ್ಬರ್ಗದಲ್ಲಿ ರಮಾಬಾಯಿ ತೆರೆದ ಶಾಲೆಯನ್ನೂ ನೋಡಿಕೊಂಡ ಮನೋರಮಾ 1921ರಲ್ಲಿ ತೀರಿಕೊಂಡರು. ಅರವತ್ತು ದಾಟಿದ ತಾಯಿ ಆಗ ಹೀಬ್ರೂ, ಗ್ರೀಕ್ ಮೂಲಗಳಿಂದ ಬೈಬಲ್ಲನ್ನು ಓದುಬಾರದವರಿಗೂ ತಿಳಿಯುವ ಮರಾಠಿಗೆ ತರುತ್ತಿದ್ದರು. ಆ ಕೆಲಸವನ್ನು ಮುಗಿಸಿಯೇ 1922ರ ಏಪ್ರಿಲಿನಲ್ಲಿ ಕಣ್ಣುಮುಚ್ಚಿದರು. ಅವರ ದುಃಖ ಆರಿತ್ತೋ ಇಲ್ಲವೋ ಎಂದು ಅಳೆಯಲು ನಾವು ಯಾರು? ದುಃಖಕ್ಕೆ ಅವರ ಕೈ ಕಟ್ಟಿಹಾಕಲಾಗಲಿಲ್ಲ ಎಂಬುದಂತೂ ಕಣ್ಣಿಗೆ ಕಾಣುತ್ತದೆ.

ಎಲ್ಲರೂ ಸದನ ಕಟ್ಟಬೇಕಿಲ್ಲ. ಮಗುವನ್ನು ಕಳೆದುಕೊಂಡ ತಾಯಿ ಇನ್ನೊಬ್ಬ ತಾಯಿಯ ಪಕ್ಕದಲ್ಲಿ ಮಾತಿಲ್ಲದೆ ಅರ್ಧ ಗಂಟೆ ಕೂತರೂ ಆಯಿತು. ಆ ಕೂರುವಿಕೆ ಬೇರೆ ಯಾರಿಂದಲೂ ಆಗದು. ಅದಕ್ಕೂ ಅವಸರವಿಲ್ಲ, ಕೆಲವರಿಗೆ ಎಂಟು ವರ್ಷ ಹಿಡಿಯುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ‘ಈ ನೋವು ಎಂದು ಹೋಗುತ್ತದೆ?’ ಎಂಬ ಪ್ರಶ್ನೆ ಸಹಜವಾದದ್ದೇ, ಅದನ್ನು ಕೇಳಿದವರನ್ನು ಅಲ್ಪವಿಶ್ವಾಸಿಗಳೆಂದು ಹಳಿಯಬೇಕಿಲ್ಲ. ಆದರೆ ಉತ್ತರಕ್ಕಾಗಿ ಕಾಯುತ್ತಿರುವಾಗಲೇ, ಈ ನೋವನ್ನು ಬಲ್ಲ ನಾನು ಯಾರಿಗೆ ಬೇಕಾಗಿದ್ದೇನೆ ಎಂದೂ ಕೇಳಿಕೊಳ್ಳಬಹುದಲ್ಲ. ಆ ಎರಡನೆಯ ಪ್ರಶ್ನೆಗೆ ಉತ್ತರ ಬಹಳ ಸಲ ಪಕ್ಕದ ಮನೆಯಲ್ಲೇ ಇರುತ್ತದೆ.