ತೆಗೆದದ್ದನ್ನೇ ಹಿಂದಿರುಗಿಸೋಣ



ನೆರೆಯವನ ಎತ್ತನ್ನು ಹೊಡೆದುಕೊಂಡು ಹೋದವನು ಬದಲಿಗೆ ಮಣ್ಣೆತ್ತನ್ನು ತಂದಿಟ್ಟರೆ ಲೆಕ್ಕ ತೀರೀತೇ? ಪಾಪನಿವೇದನೆಯಲ್ಲಿ ಕ್ಷಮೆ ಕೇಳಿದರಷ್ಟೇ ಸಾಲದು, ಅನ್ಯಾಯವಾಗಿ ಪಡೆದದ್ದನ್ನು ಹಿಂದಿರುಗಿಸಬೇಕು ಎಂದು ಧರ್ಮಸಭೆ ಕಲಿಸುತ್ತದೆ. ಸುಂಕದ ಜಕ್ಕಾಯನು ಯೇಸುಸ್ವಾಮಿಯನ್ನು ಮನೆಗೆ ಬರಮಾಡಿಕೊಂಡ ದಿನವೇ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುವೆನೆಂದು ಮಾತು ಕೊಟ್ಟನು (ಲೂಕ 19:1-10). ಈ ಪಾಠ ನಾವು ಅಗೆದ ನೆಲಕ್ಕೂ ಸಲ್ಲುತ್ತದೆ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. ಗಣಿ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ. ಅದನ್ನು ಹಳಿಯುವುದು ಸರಿಯಲ್ಲ. ಆದರೆ ಅಗೆದ ನೆಲವನ್ನು ಮುಂದೇನು ಮಾಡಬೇಕು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ನೆರೆಯ ಸಂಡೂರಿನ ಬೆಟ್ಟಗಳು ಇದಕ್ಕೆ ಪಾಠ ಹೇಳುತ್ತವೆ. ಮಿತಿಮೀರಿದ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯಲ್ಲಿ ನಿಲ್ಲಿಸಿತು. ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆ ಕೈಗೊಂಡರೆ ಮಾತ್ರ ಮತ್ತೆ ಗಣಿ ನಡೆಸಬಹುದು ಎಂದು ವಿಧಿಸಿತು.

ಸರಿಪಡಿಸುವುದೆಂದರೇನು? ಬೇಗ ಬೆಳೆಯುವ ಯಾವುದೋ ಸಸಿ ನೆಟ್ಟು ಗುಡ್ಡವನ್ನು ಹಸಿರು ಮಾಡಿದರೆ ಸಾಕೇ? ಆ ಸೀಮೆಯ ಶ್ರೀಗಂಧವನ್ನೇ ನೋಡಿ. ಅದು ನಮ್ಮ ರಾಜ್ಯದ ಮರ. 1998ರಲ್ಲಿಯೇ ಅದನ್ನು ಅಪಾಯದಲ್ಲಿರುವ ಜಾತಿಗಳ ಜಾಗತಿಕ ಪಟ್ಟಿಗೆ ಸೇರಿಸಿದರು. ಗಂಧದ ಗಿಡ ಒಂಟಿಯಾಗಿ ಸರಿಯಾಗಿ ಬೆಳೆಯಲಾರದು. ಅದರ ಬೇರು ಪಕ್ಕದ ಗಿಡದ ಬೇರನ್ನು ಹಿಡಿದು ನೀರನ್ನೂ ಸಾರವನ್ನೂ ಹೀರುತ್ತದೆ. ಅದಕ್ಕೇ ನರ್ಸರಿಗಳಲ್ಲಿ ಗಂಧದ ಸಸಿಯ ಪಕ್ಕದಲ್ಲೇ ತೊಗರಿ ಬಿತ್ತುತ್ತಾರೆ. ಮುಂದೆ ಹೊಂಗೆ, ಸರ್ವೆಯಂಥ ಮರಗಳು ಆಸರೆಯಾಗುತ್ತವೆ. ಅದರ ಹಣ್ಣು ತಿಂದ ಹಕ್ಕಿಗಳು ಬೀಜವನ್ನು ದೂರ ಹರಡುತ್ತವೆ. ಗಂಧ ಉಳಿಯಬೇಕಾದರೆ ಅದರ ನೆರೆಹೊರೆಯೆಲ್ಲ ಉಳಿಯಬೇಕು.

ಮೇಲ್ಮಣ್ಣಿನದೂ ಇದೇ ಕಥೆ. ಊರಿನ ಗಿಡಮರಗಳ ಬೀಜ, ಬೇರಿಗೆ ಬಲ ಕೊಡುವ ಸೂಕ್ಷ್ಮಜೀವಿಗಳು ಅದರಲ್ಲೇ ಇರುತ್ತವೆ. ಅಗೆಯುವಾಗ ಅದನ್ನು ಬೇರೆಯಾಗಿ ಕಾಪಾಡಿ ಮತ್ತೆ ಹರಡಬೇಕೆಂದು ಗಣಿ ನಿಯಮಗಳೇ ಹೇಳುತ್ತವೆ. ಅದನ್ನು ಕಲ್ಲುರಾಶಿಯಡಿ ಹೂತುಹಾಕಿದರೆ, ಆಮೇಲೆ ಎಷ್ಟು ಸಸಿ ನೆಟ್ಟರೂ ಅದು ಮಣ್ಣೆತ್ತೇ.

1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್‌ಗೆ ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಬಂಡೆಶಾಸನ ಸಿಕ್ಕಿತು. ಅದೇ ಅರಸ ಇನ್ನೊಂದು ಶಾಸನದಲ್ಲಿ, ಔಷಧಿ ಗಿಡಮೂಲಿಕೆಗಳು ಇಲ್ಲದ ಕಡೆಗೆ ತರಿಸಿ ನೆಡಿಸಿದೆನೆಂದು ಬರೆಯಿಸಿದ್ದಾನೆ. ಆದಿಮಾನವನನ್ನು ದೇವರು ತೋಟದಲ್ಲಿ ಇರಿಸಿದ್ದು ಉಳುವುದಕ್ಕೆ ಮಾತ್ರವಲ್ಲ, ಕಾಯುವುದಕ್ಕೂ (ಆದಿಕಾಂಡ 2:15). ನಮಗೆ ಉಪಯೋಗವಿರಲಿ ಬಿಡಲಿ, ಪ್ರತಿಯೊಂದು ಜೀವಿಗೂ ದೇವರ ಮುಂದೆ ತನ್ನದೇ ಬೆಲೆಯಿದೆ ಎಂದು ಪೋಪ್ ಫ್ರಾನ್ಸಿಸರು 2015ರ ‘ಲೌದಾತೋ ಸೀ’ ವಿಶ್ವಪತ್ರದಲ್ಲಿ ಬೋಧಿಸಿದರು.

ಆದ್ದರಿಂದ, ಗಣಿಯ ಬಗ್ಗೆ ಸಾರ್ವಜನಿಕ ಸಭೆ ನಡೆದರೆ ಸಿಂಧನೂರಿನವರಾಗಲಿ ಮಸ್ಕಿಯವರಾಗಲಿ ಮೂರು ಪ್ರಶ್ನೆ ಕೇಳಿ: ಮೇಲ್ಮಣ್ಣನ್ನು ಎಲ್ಲಿಡುತ್ತೀರಿ? ಮೊದಲಿದ್ದ ಯಾವ ಯಾವ ಗಿಡಗಳನ್ನು ಮರಳಿ ತರುತ್ತೀರಿ? ಎಷ್ಟು ವರ್ಷ ಅವುಗಳನ್ನು ನೋಡಿಕೊಳ್ಳುತ್ತೀರಿ? ಹೊಲವಿದ್ದವರು ನಿಮ್ಮ ಬದುವಿನ ಮೇಲೆ ತಾನಾಗಿ ಹುಟ್ಟಿದ ಗಂಧದ ಸಸಿಯನ್ನೂ ಅದರ ಜೊತೆಗಿಡವನ್ನೂ ಕೀಳದೆ ಉಳಿಸಿರಿ. ಜಕ್ಕಾಯನ ಮನೆಗೆ ಬಂದ ಉದ್ಧಾರವು ನಮ್ಮ ಮನೆಗೂ ನಮ್ಮ ನೆಲಕ್ಕೂ ಬರಲಿ.